ಮೇ ತಿಂಗಳಲ್ಲಿ 200 ಯುನಿಟ್ ದಾಟುತ್ತೇವಾ ಅಂತ ಫೆಬ್ರುವರಿಯಲ್ಲೇ ಹೇಳಬಹುದಾ? ಎಸಿ ಹಾಕಿಸುವ ಮುಂಚೆ ಲೆಕ್ಕ ಬೇಕು

ಬಿಸಿಲೂರು (ಕಲಬುರಗಿ), 9 ಫೆಬ್ರುವರಿ 2025

ಎಲ್ಲರಿಗೂ ನಮಸ್ಕಾರ. ಒಂದು ಲೆಕ್ಕ ಬಿಡಿಸಿಕೊಡಬೇಕು.

ನಮ್ಮದು ಒಂದೇ ಅಂತಸ್ತಿನ ಆರ್‌ಸಿಸಿ ಮನೆ. ಎರಡು ಮಲಗುವ ಕೋಣೆ, ಐದು ಜನ. ನಾಲ್ಕು ಹಳೇ ಫ್ಯಾನ್, ಫ್ರಿಜ್, ಟಿವಿ, ಒಂದು ಏರ್‌ಕೂಲರ್ ಇದೆ. ಸ್ನಾನದ ನೀರು ಹಂಡೆಯಲ್ಲೇ ಕಾಯಿಸುತ್ತೇವೆ, ಗೀಸರ್ ಇಲ್ಲ. ಅವ್ವನಿಗೆ 72 ವರ್ಷ. ಕಳೆದ ಬೇಸಿಗೆಯಲ್ಲಿ ಅವರು ಒಂದು ರಾತ್ರಿಯೂ ಸರಿಯಾಗಿ ಮಲಗಲಿಲ್ಲ. ಮಧ್ಯರಾತ್ರಿ ಎದ್ದು ಒದ್ದೆ ಟವೆಲ್ ಹೊದ್ದು ಕೂತಿರುತ್ತಿದ್ದರು. ಈ ಸಲ ಅವರ ಕೋಣೆಗೆ ಎಸಿ ಹಾಕಿಸಲೇಬೇಕು ಅಂತ ಇದ್ದೇನೆ.

ತೊಂದರೆ ಇರುವುದು ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯ ಮಿತಿಯಲ್ಲಿ. ನಮ್ಮ 2022-23ರ ಸರಾಸರಿ 118 ಯುನಿಟ್. ಅದರ ಮೇಲೆ ಶೇ 10 ಸೇರಿಸಿ 130 ಯುನಿಟ್ ನಮಗೆ ಉಚಿತವಾಗಿ ಸಿಗುತ್ತದೆ. ಅದು ದಾಟಿದರೆ ದಾಟಿದ ಯುನಿಟ್‌ಗೆ ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಮ್ಮದೇ. ಕಳೆದ ಏಪ್ರಿಲ್‌ನಲ್ಲಿ 189 ಬಂತು, ಮಿಕ್ಕ 59 ಯುನಿಟ್‌ಗೆ ಕಟ್ಟಿದೆ. ಮೇನಲ್ಲಿ 207 ಬಂತು. ಬರೀ 7 ಯುನಿಟ್ ಹೆಚ್ಚಾಗಿದ್ದಕ್ಕೆ ಬಿಲ್ 1,500 ರೂಪಾಯಿ ದಾಟಿತು.

ಎಸಿ ಇಲ್ಲದೆಯೇ 207. ಎಸಿ ಹಾಕಿದರೆ ಎಷ್ಟಾಗುತ್ತದೆ? ಮೊದಲೇ ತಿಳಿಯುವ ದಾರಿ ಇದೆಯಾ? ಅಂಗಡಿಯವರನ್ನು ಕೇಳಿದರೆ "ಇನ್ವರ್ಟರ್ ಎಸಿ, ಕರೆಂಟೇ ತಗೊಳ್ಳಲ್ಲ" ಅಂತಾರೆ. ನನಗೆ ಸಂಖ್ಯೆ ಬೇಕು.

ಮೀಟರ್_ಡೈರಿ (ದಾವಣಗೆರೆ), 9 ಫೆಬ್ರುವರಿ 2025

ಸರ್, ಮೊದಲು ಹೋದ ವರ್ಷದ 12 ಬಿಲ್ ತೆಗೆದು ಇಲ್ಲಿ ಹಾಕಿ. ಯುನಿಟ್ ಜೊತೆ ಎಷ್ಟು ದಿನದ ರೀಡಿಂಗ್ ಅಂತಲೂ ಬರೆಯಿರಿ. ಒಂದು ಬಿಲ್ 29 ದಿನದ್ದು, ಇನ್ನೊಂದು 33 ದಿನದ್ದು ಇರಬಹುದು. ದಿನಕ್ಕೆ 6 ಯುನಿಟ್ ಸುಡುವ ಮನೆಯಲ್ಲಿ ನಾಲ್ಕು ದಿನ ಅಂದರೆ 24 ಯುನಿಟ್. ಅದನ್ನು ಸೆಖೆಯ ಲೆಕ್ಕಕ್ಕೆ ಸೇರಿಸಿದರೆ ಎಲ್ಲ ತಪ್ಪಾಗುತ್ತದೆ.

ನಾನು ಆರು ವರ್ಷದಿಂದ ಪ್ರತಿ ಭಾನುವಾರ ಬೆಳಿಗ್ಗೆ ಮೀಟರ್ ನೋಡಿ ಡೈರಿಯಲ್ಲಿ ಬರೆಯುತ್ತೇನೆ. ಎರಡು ನಿಮಿಷದ ಕೆಲಸ. ಬಿಲ್ ಬಂದ ಮೇಲೆ ಗೊತ್ತಾದರೆ ಏನೂ ಮಾಡಲು ಆಗಲ್ಲ, ಅಲ್ವಾ? ವಾರಕ್ಕೊಮ್ಮೆ ನೋಡಿದರೆ ತಿಂಗಳ ಮಧ್ಯದಲ್ಲೇ ಕೈ ಬಿಗಿ ಮಾಡಬಹುದು.

ಬಿಸಿಲೂರು, 10 ಫೆಬ್ರುವರಿ 2025

ಹಾಕಿದ್ದೇನೆ. ದಿನದ ಲೆಕ್ಕ ಸರಿ ಮಾಡಿ, ತಿಂಗಳಿಗೆ ಹೊಂದಿಸಿ ಬರೆದಿದ್ದೇನೆ. 2023ರ ಡಿಸೆಂಬರ್ 96, 2024ರ ಜನವರಿ 94, ಫೆಬ್ರುವರಿ 112, ಮಾರ್ಚ್ 154, ಏಪ್ರಿಲ್ 189, ಮೇ 207, ಜೂನ್ 151, ಜುಲೈ 121. ಆಮೇಲೆ ನವೆಂಬರ್ ತನಕ 100ರಿಂದ 112ರ ಒಳಗೇ ಇದೆ.

ಲೆಕ್ಕದ_ಮೇಷ್ಟ್ರು (ಧಾರವಾಡ), 10 ಫೆಬ್ರುವರಿ 2025

ಬಹಳ ಚೆನ್ನಾಗಿದೆ. ನಿಮ್ಮ ಮನೆಯ ಲೆಕ್ಕ ಸುಲಭ, ಯಾಕೆಂದರೆ ಗೀಸರ್ ಇಲ್ಲ. ನಾನು ಮಕ್ಕಳಿಗೆ ಗ್ರಾಫ್ ಹಾಳೆಯಲ್ಲಿ ಮಾಡಿಸುವ ವಿಧಾನವನ್ನೇ ಹೇಳುತ್ತೇನೆ.

ಡಿಸೆಂಬರ್, ಜನವರಿಯಲ್ಲಿ ನಿಮಗೆ ತಂಪು ಮಾಡುವ ಖರ್ಚೇ ಇಲ್ಲ. ಆಗ 95 ಯುನಿಟ್. ಇದು ಮನೆಯ ಬುಡದ ಖರ್ಚು: ಫ್ರಿಜ್, ಲೈಟು, ಟಿವಿ, ಮಿಕ್ಸರ್, ನೀರಿನ ಮೋಟರ್. ಇದಕ್ಕಿಂತ ಮೇಲೆ ಹೋದದ್ದೆಲ್ಲ ಸೆಖೆಯ ಖರ್ಚು ಅಂತ ಹಿಡಿಯಿರಿ. ಮಾರ್ಚ್‌ಗೆ 59, ಏಪ್ರಿಲ್‌ಗೆ 94, ಮೇಗೆ 112, ಜೂನ್‌ಗೆ 56.

ಈಗ ಸೆಖೆಯನ್ನು ಅಳೆಯಬೇಕು. ಪ್ರತಿ ದಿನದ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶ ಕೂಡಿಸಿ ಎರಡರಿಂದ ಭಾಗಿಸಿ. ಅದರಲ್ಲಿ 24 ಕಳೆಯಿರಿ. ಬಂದದ್ದು ಆ ದಿನದ ಸೆಖೆಯ ಅಂಕ. ಇಡೀ ತಿಂಗಳದ್ದನ್ನು ಕೂಡಿಸಿ. ಕಟ್ಟಡ ಕಟ್ಟುವವರು, ವಿದ್ಯುತ್ ಬೇಡಿಕೆ ಅಂದಾಜು ಮಾಡುವವರು ಇದನ್ನೇ 'ಕೂಲಿಂಗ್ ಡಿಗ್ರಿ ಡೇ' ಅನ್ನುತ್ತಾರೆ. ಬೇರೆ ದೇಶಗಳಲ್ಲಿ 18 ಡಿಗ್ರಿಯಿಂದ ಎಣಿಸುವುದು ಹೆಚ್ಚು. ನಮ್ಮ ಜನ 18ಕ್ಕೆ ಸ್ವೆಟರ್ ಹಾಕುತ್ತಾರೆ. ಹಾಗಾಗಿ ನಾನು 24 ಹಿಡಿಯುತ್ತೇನೆ.

ಕಲಬುರಗಿಯ ಏಪ್ರಿಲ್ ಅಂದರೆ ಸುಮಾರಾಗಿ ಹಗಲು 40, ರಾತ್ರಿ 25. ಸರಾಸರಿ 32.5. ದಿನಕ್ಕೆ 8.5 ಅಂಕ, 30 ದಿನಕ್ಕೆ 255. ಇದೇ ರೀತಿ ಮೇಗೆ ಸುಮಾರು 295, ಮಾರ್ಚ್‌ಗೆ 170, ಜೂನ್‌ಗೆ 165 ಬರುತ್ತದೆ.

ಅಂಕ ಅಡ್ಡಕ್ಕೆ, ಯುನಿಟ್ ಉದ್ದಕ್ಕೆ ಇಟ್ಟು ನಾಲ್ಕು ಚುಕ್ಕಿ ಹಾಕಿದೆ. ಹೆಚ್ಚುಕಡಿಮೆ ಒಂದೇ ಗೆರೆ ಮೇಲೆ ಕೂತಿವೆ. ಒಂದು ಅಂಕಕ್ಕೆ 0.36 ಯುನಿಟ್. ಅಂದರೆ ನಿಮ್ಮ ಮನೆಗೆ ಈಗಿರುವ ಸಾಮಾನಿನಲ್ಲಿ:

ತಿಂಗಳ ಯುನಿಟ್ = 95 + 0.36 × ಸೆಖೆಯ ಅಂಕ

ಇದರಿಂದ ಒಂದು ಉಪಯೋಗದ ಮಾತು ಸಿಗುತ್ತದೆ. ಮೇ ತಿಂಗಳು ಮಾಮೂಲಿಗಿಂತ ಒಂದು ಡಿಗ್ರಿ ಜಾಸ್ತಿ ಇದ್ದರೆ ಅಂಕ 31 ಏರುತ್ತದೆ, ಬಿಲ್ 11 ಯುನಿಟ್ ಏರುತ್ತದೆ. ನಿಮ್ಮ ಮನೆಗೆ ಒಂದು ಡಿಗ್ರಿ ಅಂದರೆ 11 ಯುನಿಟ್. ಈ 11 ನೆನಪಿಟ್ಟುಕೊಳ್ಳಿ.

ತಾರಸಿ_ಮನೆ (ಬೆಂಗಳೂರು), 10 ಫೆಬ್ರುವರಿ 2025

ಮೇಷ್ಟ್ರೇ, ನಾನೂ ಇದನ್ನೇ ಮಾಡಿ ನೋಡಿದೆ. ಗೆರೆಯೇ ಬರಲಿಲ್ಲ. ನಮ್ಮದು ಮೂರನೇ ಮಹಡಿ, ಮೇಲೆ ತಾರಸಿ. ಡಿಸೆಂಬರ್‌ನಲ್ಲಿ 138, ಏಪ್ರಿಲ್‌ನಲ್ಲಿ 142. ಫ್ಯಾನ್ ಹಗಲು ರಾತ್ರಿ ತಿರುಗಿದರೂ ಬರೀ 4 ಯುನಿಟ್ ಜಾಸ್ತಿ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಇತ್ತು. ಮನೆಯೊಳಗೆ ಕೂರಲು ಆಗಲಿಲ್ಲ. ಆದರೂ ಬಿಲ್ ಏರಲಿಲ್ಲ. ಎಲ್ಲಿ ತಪ್ಪಿದೆ?

ಲೆಕ್ಕದ_ಮೇಷ್ಟ್ರು, 10 ಫೆಬ್ರುವರಿ 2025

ನಿಮ್ಮ ಮನೆಯಲ್ಲಿ ಗೀಸರ್ ಇದೆ ಅಲ್ವಾ? 15 ಲೀಟರ್ ನೀರನ್ನು 20 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು 0.35 ಯುನಿಟ್ ಬೇಕು. ನಾಲ್ಕು ಜನ, ನಾಲ್ಕು ಬಕೆಟ್, ದಿನಕ್ಕೆ 1.4 ಯುನಿಟ್. ತಿಂಗಳಿಗೆ 42. ಚಳಿಗಾಲದಲ್ಲಿ ಗೀಸರ್ ತಿಂದದ್ದನ್ನು ಬೇಸಿಗೆಯಲ್ಲಿ ಫ್ಯಾನ್ ತಿನ್ನುತ್ತದೆ. ಎರಡೂ ಸೇರಿ ಬಿಲ್ ಸಮ ಕಾಣುತ್ತದೆ. ನೀವು ಡಿಸೆಂಬರ್ ಬಿಲ್ಲಿನಿಂದ ಗೀಸರ್ ಖರ್ಚು ಕಳೆದು ಬುಡದ ಖರ್ಚು ಹಿಡಿಯಬೇಕು.

ತಾರಸಿ_ಮನೆ, 11 ಫೆಬ್ರುವರಿ 2025

ಹೌದು, ಅದೇ! ಕಳೆದು ನೋಡಿದೆ, 96 ಬಂತು. ಏಪ್ರಿಲ್‌ನ ಸೆಖೆ ಖರ್ಚು 46 ಅಂತ ಆಯಿತು. ಇನ್ನೊಂದು ಸಂಗತಿ ಸೇರಿಸುತ್ತೇನೆ. 2024ರ ಮಾರ್ಚ್‌ನಲ್ಲಿ ಇಲ್ಲಿ ನೀರಿಗೆ ಎಷ್ಟು ಪರದಾಡಿದೆವು ಅಂತ ಎಲ್ಲರಿಗೂ ಗೊತ್ತು. ನಮ್ಮ ಓನರ್ ಮನೆಯ ಬೋರ್‌ವೆಲ್‌ನಲ್ಲಿ ನೀರು ಕೆಳಗೆ ಹೋದ ಮೇಲೆ ಅದೇ ಟ್ಯಾಂಕ್ ತುಂಬಲು ಮೋಟರ್ ಎರಡು ಪಟ್ಟು ಹೊತ್ತು ಓಡುತ್ತಿತ್ತು. ಆ ಯುನಿಟ್ ಕೂಡ ಬೇಸಿಗೆಯ ಖರ್ಚೇ. ಉಷ್ಣಾಂಶದ ಗೆರೆಯಲ್ಲಿ ಅದು ಕಾಣುವುದಿಲ್ಲ. ಸ್ವಂತ ಬೋರ್ ಇದ್ದವರು ಅದನ್ನು ಬೇರೆ ಬರೆದುಕೊಳ್ಳಿ.

ಹಳೇ_ಲೈನ್‌ಮ್ಯಾನ್ (ಹಾವೇರಿ), 11 ಫೆಬ್ರುವರಿ 2025

ಯಾವ ಸಾಮಾನು ಎಷ್ಟು ತಿನ್ನುತ್ತದೆ ಅಂತ ಊಹೆ ಮಾಡಬೇಡಿ. ಮೀಟರ್ ಹೇಳುತ್ತದೆ. ಮೀಟರ್ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ 3200 ಅಂತಲೋ 1600 ಅಂತಲೋ ಬರೆದಿರುತ್ತದೆ. 3200 ಇದ್ದರೆ, ಅಷ್ಟು ಸಲ ಮಿನುಗಿದಾಗ ಒಂದು ಯುನಿಟ್.

ಮನೆಯ ಎಲ್ಲಾ ಸ್ವಿಚ್ ಆರಿಸಿ. ಫ್ರಿಜ್ ಕೂಡ. ಕೂಲರ್ ಒಂದನ್ನೇ ಹಾಕಿ. ಒಂದು ನಿಮಿಷ ಎಣಿಸಿ. ಬಂದ ಸಂಖ್ಯೆಯನ್ನು 18.75ರಿಂದ ಗುಣಿಸಿದರೆ ಎಷ್ಟು ವ್ಯಾಟ್ ಅಂತ ಸಿಗುತ್ತದೆ. 10 ಸಲ ಮಿನುಗಿದರೆ 187 ವ್ಯಾಟ್. 1600 ಮೀಟರ್ ಆದರೆ 37.5ರಿಂದ ಗುಣಿಸಿ. ಫ್ಯಾನ್‌ಗೆ ಐದು ನಿಮಿಷ ಎಣಿಸಿ, ಕಡಿಮೆ ಮಿನುಗುತ್ತದೆ.

ಮೂವತ್ತು ವರ್ಷ ಕಂಬ ಹತ್ತಿದವನು ಹೇಳುತ್ತಿದ್ದೇನೆ. ಎಲ್ಲ ಆರಿಸಿದ ಮೇಲೂ ದೀಪ ಮಿನುಗುತ್ತಿದ್ದರೆ ಬಿಡಬೇಡಿ. ಎಲ್ಲೋ ಸೋರಿಕೆ ಇದೆ, ಇಲ್ಲ ನಿಮ್ಮ ಲೈನಿನಿಂದ ಬೇರೆ ಕಡೆ ಹೋಗಿದೆ. ವೈರಿಂಗ್ ಮಾಡುವವರನ್ನು ಕರೆಸಿ.

ಬಿಸಿಲೂರು, 12 ಫೆಬ್ರುವರಿ 2025

ಅಣ್ಣಾ, ನಿನ್ನೆ ರಾತ್ರಿ ಮಗಳ ಜೊತೆ ಟಾರ್ಚ್ ಹಿಡಿದು ಎಣಿಸಿದೆ. ಕೂಲರ್ 180ರ ಹತ್ತಿರ. ಫ್ಯಾನ್ ಒಂದೊಂದು 75. ನಾಲ್ಕು ಫ್ಯಾನ್ ಅಂದರೆ ಒಂದು ಮಿಕ್ಸರ್ ದಿನವಿಡೀ ತಿರುಗಿದ ಹಾಗೆ! ಇಷ್ಟು ವರ್ಷ ಫ್ಯಾನ್ ಏನೂ ತಿನ್ನಲ್ಲ ಅಂದುಕೊಂಡಿದ್ದೆ.

ಎಸಿ_ರಿಪೇರಿ_ಹುಬ್ಳಿ, 12 ಫೆಬ್ರುವರಿ 2025

ಸರ್, ಎಸಿ ಲೆಕ್ಕ ನಾನು ಹೇಳುತ್ತೇನೆ. ಎಸಿ ಮೇಲೆ ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ) ಸ್ಟಾರ್ ಚೀಟಿ ಇರುತ್ತದಲ್ಲ, ಅದರಲ್ಲಿ ವರ್ಷಕ್ಕೆ ಇಷ್ಟು ಯುನಿಟ್ ಅಂತ ಬರೆದಿರುತ್ತದೆ. ಅದು 1,600 ಗಂಟೆಗೆ ಹಾಕಿದ ಲೆಕ್ಕ. ಹಾಗಾಗಿ ಆ ಸಂಖ್ಯೆಯನ್ನು 1,600ರಿಂದ ಭಾಗಿಸಿ. 800 ಅಂತ ಇದ್ದರೆ ಗಂಟೆಗೆ ಅರ್ಧ ಯುನಿಟ್. ಅಂಗಡಿಯಲ್ಲಿ ನಿಂತೇ ಮಾಡಬಹುದು.

ಆದರೆ ಕಲಬುರಗಿಯಲ್ಲಿ, ತಾರಸಿ ಕೆಳಗಿನ ಕೋಣೆಯಲ್ಲಿ, ಚೀಟಿಯ ಲೆಕ್ಕಕ್ಕಿಂತ ಜಾಸ್ತಿಯೇ ಓಡುತ್ತದೆ. ನಾನು ಮೂರನೇ ಒಂದು ಭಾಗ ಸೇರಿಸಿ ಹೇಳುತ್ತೇನೆ. ಯಾಕೆ ಅಂದರೆ ನೀವು ರಾತ್ರಿ 10ಕ್ಕೆ ಎಸಿ ಹಾಕಿದಾಗ ಅದು ಗಾಳಿಯನ್ನು ಮಾತ್ರ ತಂಪು ಮಾಡುತ್ತಿಲ್ಲ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬ್ ಆ ಹೊತ್ತಿಗೆ ಕೋಣೆಯೊಳಗೆ ಬಿಸಿ ಬಿಡುತ್ತಾ ಇರುತ್ತದೆ. ಕಾಂಕ್ರೀಟ್ ದಾಟಿ ಬಿಸಿ ಒಳಗೆ ಬರಲು ಕೆಲವು ಗಂಟೆ ಹಿಡಿಯುತ್ತದೆ. ಹೊರಗೆ ಮಧ್ಯಾಹ್ನ 3ಕ್ಕೆ ಸುಡುತ್ತದೆ, ನಿಮ್ಮ ಕೋಣೆ ರಾತ್ರಿ 9ಕ್ಕೆ ಸುಡುತ್ತದೆ.

ಅವ್ವನ ಕೋಣೆ ಎಷ್ಟು ದೊಡ್ಡದು? ಪಶ್ಚಿಮಕ್ಕೆ ಗೋಡೆ ಇದೆಯಾ?

ಬಿಸಿಲೂರು, 12 ಫೆಬ್ರುವರಿ 2025

10 ಅಡಿ, 11 ಅಡಿ. ಪಶ್ಚಿಮದ ಗೋಡೆ ಪಕ್ಕದ ಮನೆಗೆ ತಾಗಿದೆ, ಬಿಸಿಲು ಬೀಳಲ್ಲ. ಬಿಸಿಲು ಬರೀ ಮೇಲಿನಿಂದ.

ಎಸಿ_ರಿಪೇರಿ_ಹುಬ್ಳಿ, 13 ಫೆಬ್ರುವರಿ 2025

ಹಾಗಾದರೆ 1 ಟನ್ ಸಾಕು, ತಾರಸಿಗೆ ಏನಾದರೂ ಮಾಡಿದರೆ. ಟನ್ ಅಂದರೆ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತಾ ಎಷ್ಟು ಬಿಸಿ ಎಳೆದುಕೊಳ್ಳುತ್ತದೋ ಅಷ್ಟು ಬಿಸಿ ಹೊರಗೆ ಹಾಕುವ ಶಕ್ತಿ. ದೊಡ್ಡದು ತಂದರೆ ಒಳ್ಳೆಯದು ಅಂತ ಎಲ್ಲರೂ ಒಂದೂವರೆ ಟನ್ ತರುತ್ತಾರೆ. ಹತ್ತಡಿ ಕೋಣೆಗೆ ಸುಮ್ನೆ ದುಡ್ಡು ದಂಡ.

ಫೈವ್ ಸ್ಟಾರ್ ಒಂದು ಟನ್ನಿನ ಚೀಟಿಯಲ್ಲಿ 530ರ ಹತ್ತಿರ ಇದ್ದರೆ ಗಂಟೆಗೆ 0.33. ನಿಮ್ಮ ಊರಿಗೆ 0.45 ಹಿಡಿಯಿರಿ. 26ಕ್ಕೆ ಇಟ್ಟು ಫ್ಯಾನ್ ಸಣ್ಣಗೆ ಹಾಕಿ. ಬಿಇಇ ಲೆಕ್ಕದಲ್ಲಿ ಒಂದು ಡಿಗ್ರಿ ಮೇಲೆ ಇಟ್ಟರೆ ಸುಮಾರು ಶೇ 6 ಕರೆಂಟ್ ಉಳಿಯುತ್ತದೆ. ವಯಸ್ಸಾದವರಿಗೆ 18 ಡಿಗ್ರಿ ಇಟ್ಟು ಕಂಬಳಿ ಹೊದಿಸುವುದು ಬೇಡವೇ ಬೇಡ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ತೊಳೆಯಿರಿ. ನಿಮ್ಮ ಕಡೆ ಧೂಳು ಜಾಸ್ತಿ.

ಕಡಲತೀರ (ಮಂಗಳೂರು), 13 ಫೆಬ್ರುವರಿ 2025

ಎಸಿಗೆ ಯಾಕೆ ಹೋಗುತ್ತೀರಿ ಅಂತ ಕೇಳೋಣ ಅಂತಿದ್ದೆ. ಕಲಬುರಗಿಯಲ್ಲಿ ಕೂಲರ್ ಕೆಲಸ ಮಾಡುತ್ತದಲ್ಲ, ನಮಗಾದರೆ ಆ ಭಾಗ್ಯವೂ ಇಲ್ಲ. ನಮ್ಮಲ್ಲಿ ಕೂಲರ್ ಹಾಕಿದರೆ ಕೋಣೆ ಬಚ್ಚಲುಮನೆ ಆಗುತ್ತದೆ.

ಮೇಷ್ಟ್ರಿಗೆ ಒಂದು ಪ್ರಶ್ನೆ. ಮಂಗಳೂರಿನಲ್ಲಿ ಜನವರಿಯ ಮಧ್ಯಾಹ್ನ 33, ಏಪ್ರಿಲ್‌ನ ಮಧ್ಯಾಹ್ನ 34. ಒಂದೇ ಡಿಗ್ರಿ ವ್ಯತ್ಯಾಸ. ಆದರೆ ನಮ್ಮ ಬಿಲ್ ಜನವರಿಗಿಂತ ಏಪ್ರಿಲ್‌ನಲ್ಲಿ ಒಂದೂವರೆ ಪಟ್ಟು. ಇದು ಹೇಗೆ?

ಲೆಕ್ಕದ_ಮೇಷ್ಟ್ರು, 14 ಫೆಬ್ರುವರಿ 2025

ಬಹಳ ಒಳ್ಳೆಯ ಪ್ರಶ್ನೆ. ರಾತ್ರಿಯನ್ನು ನೋಡಿ. ನಿಮ್ಮಲ್ಲಿ ಜನವರಿಯ ಬೆಳಗಿನ ಜಾವ 21ರ ಹತ್ತಿರ ಇಳಿಯುತ್ತದೆ. ಏಪ್ರಿಲ್‌ನಲ್ಲಿ 25, 26ಕ್ಕಿಂತ ಕೆಳಗೆ ಹೋಗುವುದೇ ಇಲ್ಲ. ಮಧ್ಯಾಹ್ನ ಮನೆಯಲ್ಲಿ ಜನ ಕಡಿಮೆ. ಫ್ಯಾನ್, ಎಸಿ ಹೆಚ್ಚು ಹೊತ್ತು ಓಡುವುದು ರಾತ್ರಿ. ಹಾಗಾಗಿ ಬಿಲ್ಲಿಗೆ ಸಂಬಂಧ ಇರುವುದು ರಾತ್ರಿಯ ಉಷ್ಣಾಂಶಕ್ಕೆ.

ಪೇಪರಿನಲ್ಲಿ, ಟಿವಿಯಲ್ಲಿ ದಪ್ಪ ಅಕ್ಷರದಲ್ಲಿ ಬರುವುದು ಗರಿಷ್ಠ ಉಷ್ಣಾಂಶ. "ಕಲಬುರಗಿಯಲ್ಲಿ 42" ಅಂತ. ಅದನ್ನು ನೋಡಿ ಬಿಲ್ ಅಂದಾಜು ಮಾಡಿದರೆ ತಪ್ಪುತ್ತೇವೆ. ಎರಡು ದಿನ ತೆಗೆದುಕೊಳ್ಳಿ. ಎರಡರಲ್ಲೂ ಹಗಲು 41. ಒಂದು ರಾತ್ರಿ ಆಕಾಶ ಶುಭ್ರ, 24ಕ್ಕೆ ಇಳಿಯಿತು. ಇನ್ನೊಂದು ರಾತ್ರಿ ಮೋಡ ಕವಿದು 29ರಲ್ಲೇ ನಿಂತಿತು. ಮೊದಲ ದಿನದ ಅಂಕ 8.5, ಎರಡನೆಯದು 11. ಬಿಸಿಲೂರು ಅವರ ಮನೆಯಲ್ಲಿ ಮೊದಲ ದಿನ ಸೆಖೆ ಖರ್ಚು 3 ಯುನಿಟ್, ಎರಡನೇ ದಿನ 4. ಪೇಪರಿನಲ್ಲಿ ಎರಡೂ ದಿನ ಒಂದೇ ಸಂಖ್ಯೆ ಬರುತ್ತದೆ.

ಹವಾಮಾನ ಇಲಾಖೆ ಬಿಸಿಗಾಳಿ ಘೋಷಿಸುವುದು ಬಯಲು ಸೀಮೆಯಲ್ಲಿ ಗರಿಷ್ಠ 40 ಮುಟ್ಟಿ, ಮಾಮೂಲಿಗಿಂತ 4.5 ಡಿಗ್ರಿ ಜಾಸ್ತಿ ಆದಾಗ. ಕರಾವಳಿಗೆ ಆ ಗಡಿ 37. ಇಲಾಖೆಯವರು 'ಬೆಚ್ಚಗಿನ ರಾತ್ರಿ' ಅಂತ ಬೇರೆಯೇ ಎಚ್ಚರಿಕೆ ಕೊಡುತ್ತಾರೆ. ವಯಸ್ಸಾದವರು ಇರುವ ಮನೆಯಲ್ಲಿ ಅದನ್ನೇ ಮೊದಲು ನೋಡಬೇಕು. ಹಗಲಿನ ದಣಿವು ರಾತ್ರಿ ಕಳೆಯದಿದ್ದರೆ ದೇಹ ಸೋಲುತ್ತದೆ.

ಕಡಲತೀರ, 14 ಫೆಬ್ರುವರಿ 2025

ಜನವರಿ, ಏಪ್ರಿಲ್ ರಾತ್ರಿಗಳನ್ನು ಹೋಲಿಸಿ ನೋಡಿದೆ, ಮೇಷ್ಟ್ರೇ. ಸರಿಯಾಗಿ ಕೂತಿತು. ಮತ್ತೊಂದು ಮಾತು. ನಮ್ಮ ಎಸಿಯ ಪೈಪಿಗೆ ಬಕೆಟ್ ಇಟ್ಟರೆ ಬೆಳಿಗ್ಗೆ ಹೊತ್ತಿಗೆ ಅರ್ಧಕ್ಕಿಂತ ಮೇಲೆ ತುಂಬಿರುತ್ತದೆ. ಗಾಳಿಯ ನೀರನ್ನು ಹಿಂಡಿ ತೆಗೆಯಲೂ ಕರೆಂಟ್ ಬೇಕು. ಕರಾವಳಿಯವರು ಕಲಬುರಗಿಯ 0.36 ಹಿಡಿಯಬೇಡಿ. ನಿಮ್ಮ ಬಿಲ್ಲಿನಿಂದ ನಿಮ್ಮ ಸಂಖ್ಯೆ ತೆಗೆಯಿರಿ.

ಎಸಿ_ರಿಪೇರಿ_ಹುಬ್ಳಿ, 14 ಫೆಬ್ರುವರಿ 2025

ಕೂಲರ್ ಬಗ್ಗೆ ಮಂಗಳೂರಿನವರು ಹೇಳಿದ್ದು ಸರಿ. ಕೂಲರ್ ಎಷ್ಟು ತಂಪು ಮಾಡುತ್ತದೆ ಅಂತ ತಿಳಿಯಲು ಥರ್ಮಾಮೀಟರ್ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯಿರಿ. 41 ಡಿಗ್ರಿ ಬಿಸಿಲು, ತೇವಾಂಶ ಶೇ 20 ಇದ್ದರೆ ಅದು 23ರ ಹತ್ತಿರ ತೋರಿಸುತ್ತದೆ. ಒಳ್ಳೆಯ ಪ್ಯಾಡ್ ಇರುವ ಕೂಲರ್ ಆ ಅಂತರದಲ್ಲಿ ಮುಕ್ಕಾಲು ಭಾಗ ಇಳಿಸುತ್ತದೆ. 28ರ ಗಾಳಿ ಸಿಗುತ್ತದೆ. ಮಂಗಳೂರಿನ 34 ಡಿಗ್ರಿ, ಶೇ 70 ತೇವಾಂಶದಲ್ಲಿ ಒದ್ದೆ ಬಟ್ಟೆ 29 ತೋರಿಸುತ್ತದೆ. ಅಲ್ಲಿ ಇಳಿಸಲು ಹೆಚ್ಚೇನೂ ಉಳಿದಿಲ್ಲ.

ಬಿಸಿಲೂರು ಸರ್, ನಿಮ್ಮಲ್ಲಿ ಏಪ್ರಿಲ್‌ನ ಹಗಲಿಗೆ ಕೂಲರ್ ಚಿನ್ನದಂಥದ್ದು. ಕಿಟಕಿ ತೆರೆದಿಡಿ, ಒದ್ದೆ ಗಾಳಿ ಹೊರಗೆ ಹೋಗಬೇಕು. ಒಂದೆರಡು ಮಳೆ ಬಿದ್ದ ಮೇಲೆ ಮಾತ್ರ ಅದು ಕೈಕೊಡುತ್ತದೆ. ಅವ್ವನಿಗೆ ನಿದ್ದೆ ಬಾರದ್ದು ಆ ರಾತ್ರಿಗಳಲ್ಲೇ ಇರಬೇಕು.

ಬಿಸಿಲೂರು, 15 ಫೆಬ್ರುವರಿ 2025

ಅವ್ವನನ್ನೇ ಕೇಳಿದೆ. "ಮೋಡ ಕಟ್ಟಿದ ರಾತ್ರಿ ಜೀವ ಹೋದಂಗ ಆಗ್ತಿತ್ತು, ಕೂಲರ್ ಹಾಕಿದರೆ ಮೈ ಜಿಗಿ ಜಿಗಿ" ಅಂದರು. ನೀವು ಹೇಳಿದ ಹಾಗೇ ಇದೆ. ತಮ್ಮ ತವರಿನ ಮಾಳಿಗೆ ಮನೆ ಎಷ್ಟು ತಂಪು ಇತ್ತು ಅಂತಲೂ ನೆನೆದರು. ಆ ಮಣ್ಣಿನ ಮಾಳಿಗೆ ಮೊಳ ದಪ್ಪ ಇತ್ತಂತೆ.

ಈಗ ನನ್ನ ಲೆಕ್ಕ ನೋಡಿ. ನಾಲ್ಕೂ ಫ್ಯಾನ್ ಬದಲಿಸಿ ಕಡಿಮೆ ಕರೆಂಟ್ ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದರೆ ಒಂದೊಂದಕ್ಕೆ 45 ವ್ಯಾಟ್ ಉಳಿತಾಯ. ಬೇಸಿಗೆಯಲ್ಲಿ ನಾಲ್ಕೂ ಸೇರಿ ದಿನಕ್ಕೆ 40 ಗಂಟೆ ತಿರುಗುತ್ತವೆ. ದಿನಕ್ಕೆ 1.8 ಯುನಿಟ್, ಮೇ ತಿಂಗಳಿಗೆ 55 ಉಳಿಯುತ್ತದೆ. ರಾತ್ರಿ ಕೂಲರ್ ಬಿಟ್ಟರೆ 6 ಗಂಟೆಯ ಲೆಕ್ಕದಲ್ಲಿ 33 ಉಳಿಯುತ್ತದೆ. ಎಸಿ ರಾತ್ರಿ 10ರಿಂದ ಬೆಳಿಗ್ಗೆ 5ರ ತನಕ ಹಾಕಿದರೆ 97 ಖರ್ಚು. 207ರಲ್ಲಿ 55 ಮತ್ತು 33 ಕಳೆದು 97 ಕೂಡಿಸಿದರೆ 216. ದಾಟಿತು.

ಅದೇ 3 ಗಂಟೆಗೆ ಆರುವ ಹಾಗೆ ಟೈಮರ್ ಇಟ್ಟರೆ 5 ಗಂಟೆ, 70 ಯುನಿಟ್. ಆಗ 189. ಬೆಳಗಿನ ಜಾವ ಹೊರಗೆ ತಂಪಾಗಿರುತ್ತದೆ. ಕಿಟಕಿ ತೆರೆದು ಫ್ಯಾನ್ ಹಾಕಿದರೆ ಸಾಕು ಅಂತ ನನ್ನ ಅಂದಾಜು.

ಲೆಕ್ಕದ_ಮೇಷ್ಟ್ರು, 15 ಫೆಬ್ರುವರಿ 2025

ಲೆಕ್ಕ ಸರಿ ಇದೆ. ಆದರೆ 189ಕ್ಕೂ 200ಕ್ಕೂ ನಡುವೆ ಇರುವುದು 11. ಒಂದೇ ಡಿಗ್ರಿಯ ಜಾಗ. ಈ ಮೇ ಕಳೆದ ವರ್ಷಕ್ಕಿಂತ ಒಂದು ಡಿಗ್ರಿ ಜಾಸ್ತಿ ಸುಟ್ಟರೆ ನೀವು ಗಡಿಗೆ ಬಂದು ನಿಲ್ಲುತ್ತೀರಿ. ಹಾಗಾಗಿ ವಾರದ ಡೈರಿ ಬಿಡಬೇಡಿ. 200ನ್ನು 31ರಿಂದ ಭಾಗಿಸಿದರೆ 6.45. ವಾರಕ್ಕೆ 45. ಯಾವ ವಾರ 45 ದಾಟಿತೋ ಮುಂದಿನ ವಾರ ಎಚ್ಚರ ವಹಿಸಿ.

ಹಳೇ_ಲೈನ್‌ಮ್ಯಾನ್, 16 ಫೆಬ್ರುವರಿ 2025

ಯುನಿಟ್ ಲೆಕ್ಕದಲ್ಲಿ ಲೋಡ್ ಮರೆಯಬೇಡಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ. 2 ಇದ್ದರೆ ಎಸಿ, ಮೋಟರ್, ಇಸ್ತ್ರಿ ಒಟ್ಟಿಗೆ ಹಾಕಬೇಡಿ. ಎಸಿಗೆ ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಿ. 4 ಚದರ ಮಿಲಿಮೀಟರ್ ವೈರ್, ಬೇರೆ ಎಂಸಿಬಿ (ಲೋಡ್ ಜಾಸ್ತಿ ಆದರೆ ತಾನೇ ಆರುವ ಸ್ವಿಚ್), ಒಳ್ಳೆಯ ಅರ್ಥಿಂಗ್. ಹಳೇ ಪ್ಲಗ್ಗಿಗೆ ಸಿಕ್ಕಿಸಿ ರಾತ್ರಿ ಹೊತ್ತು ವೈರ್ ಕರಗಿದ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಯಸ್ಸಾದವರು ಮಲಗುವ ಕೋಣೆ ಅದು. ಇಲ್ಲಿ ದುಡ್ಡು ಉಳಿಸಬೇಡಿ.

ಬಿಸಿಲೂರು, 2 ಏಪ್ರಿಲ್ 2025

ಎಲ್ಲ ಆಯಿತು. ಫ್ಯಾನ್ ಬದಲಾದವು. ಒಂದು ಟನ್ ಎಸಿ ಬಂತು. ಬೇರೆ ಲೈನ್, ಅರ್ಥಿಂಗ್ ಎರಡೂ ಮಾಡಿಸಿದೆ. ತಾರಸಿಗೆ ಸುಣ್ಣಕ್ಕೆ ಅಂಟು ಬೆರೆಸಿ ಎರಡು ಸಲ ಬಳಿದೆವು. ಮನೆಯವರೆಲ್ಲ ಸೇರಿ ಒಂದು ಭಾನುವಾರ ಮಾಡಿದ್ದು. ಮಧ್ಯಾಹ್ನ ಬರಿಗಾಲಲ್ಲಿ ತಾರಸಿ ಮೇಲೆ ನಿಲ್ಲಬಹುದು ಈಗ. ಮೊದಲು ಚಪ್ಪಲಿ ಇಲ್ಲದೆ ಎರಡು ಹೆಜ್ಜೆ ಇಡಲು ಆಗುತ್ತಿರಲಿಲ್ಲ.

ಈ ತಿಂಗಳಿಂದ ದರವೂ ಬದಲಾಗಿದೆ. ಯುನಿಟ್‌ಗೆ 5.90 ಇದ್ದದ್ದು 5.80 ಆಗಿದೆ. ಆದರೆ ವಿದ್ಯುತ್ ನೌಕರರ ಪಿಂಚಣಿಯ ಬಾಬ್ತು ಯುನಿಟ್‌ಗೆ 36 ಪೈಸೆ ಸೇರಿದೆ. ಕಿಲೋವ್ಯಾಟಿನ ನಿಗದಿತ ಶುಲ್ಕ 120ರಿಂದ 145ಕ್ಕೆ ಏರಿದೆ. 200 ದಾಟಿದರೆ ಪೆಟ್ಟು ಕಳೆದ ವರ್ಷಕ್ಕಿಂತ ಜಾಸ್ತಿ. ಏಪ್ರಿಲ್‌ಗೆ ನನ್ನ ಅಂದಾಜು 172. ಇಲ್ಲಿ ಬರೆದಿಡುತ್ತೇನೆ, ಆಮೇಲೆ ನೋಡೋಣ.

ಮೀಟರ್_ಡೈರಿ, 3 ಏಪ್ರಿಲ್ 2025

ಹವಾಮಾನ ಇಲಾಖೆ ಈ ಬೇಸಿಗೆಯಲ್ಲಿ ಉತ್ತರ ಕರ್ನಾಟಕಕ್ಕೂ ಬಿಸಿಗಾಳಿಯ ದಿನ ಜಾಸ್ತಿ ಅಂತ ಹೇಳಿದೆ. ಪ್ರತಿ ಗುರುವಾರ ಮುಂದಿನ ನಾಲ್ಕು ವಾರದ ಮುನ್ಸೂಚನೆಯೂ ಬರುತ್ತದೆ. ಅದರಲ್ಲಿ ಕನಿಷ್ಠ ಉಷ್ಣಾಂಶದ ನಕ್ಷೆ ನೋಡಿಕೊಳ್ಳಿ.

ಬಿಸಿಲೂರು, 4 ಮೇ 2025

ಏಪ್ರಿಲ್ 176 ಬಂತು. ಅಂದಾಜಿಗಿಂತ 4 ಜಾಸ್ತಿ. ತಂಗಿಯ ಮಕ್ಕಳು ರಜೆಗೆ ಬಂದು ಒಂದು ವಾರ ಇದ್ದರು, ಮಧ್ಯಾಹ್ನವೂ ಎಸಿ ಹಾಕಿದ್ದೆವು. ಇದು ಯಾವ ಲೆಕ್ಕದಲ್ಲೂ ಇರಲಿಲ್ಲ.

ಟೈಮರ್ ವಿಷಯದಲ್ಲಿ ನನ್ನ ಅಂದಾಜು ತಪ್ಪಿತ್ತು. 3 ಗಂಟೆಗೆ ಎಸಿ ಆರಿದ ಕೂಡಲೇ ಅವ್ವ ಎದ್ದುಬಿಡುತ್ತಿದ್ದರು. ಈಗ 11ಕ್ಕೆ ಹಾಕಿ 4ಕ್ಕೆ ಆರಿಸುತ್ತೇವೆ. 11ರ ತನಕ ಎಲ್ಲರೂ ಅಂಗಳದಲ್ಲಿ ಕೂತಿರುತ್ತೇವೆ. ಗಂಟೆ ಅಷ್ಟೇ, ನಿದ್ದೆ ಪೂರ್ತಿ.

ಬಿಸಿಲೂರು, 3 ಜೂನ್ 2025

ಮೇ ಬಿಲ್ ಬಂತು. 189 ಅಂದಿದ್ದೆ. ಬಂದದ್ದು 161.

ಮೊದಲ ವಾರ ಡೈರಿಯಲ್ಲಿ 44 ಇತ್ತು. ಎದೆ ಡವಡವ ಅನ್ನುತ್ತಿತ್ತು. ಆಮೇಲೆ ಮಳೆ ಶುರುವಾಯಿತು. ಈ ಸಲ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು, ನಮ್ಮ ಕಡೆ ಅದಕ್ಕೂ ಮೊದಲೇ ಮಳೆ ಹಿಡಿದಿತ್ತು. ಎಷ್ಟೋ ರಾತ್ರಿ ಎಸಿ ಹಾಕಲೇ ಇಲ್ಲ. ಮೇಷ್ಟ್ರೇ, ಅಂದಾಜು ತಪ್ಪಿತಲ್ಲ. ದಿನದ ಗರಿಷ್ಠ, ಕನಿಷ್ಠ ಬರೆದ ಹಾಳೆ ಹಾಕಿದ್ದೇನೆ, ನೋಡಿ.

ಲೆಕ್ಕದ_ಮೇಷ್ಟ್ರು, 4 ಜೂನ್ 2025

ನಿಮ್ಮ ಹಾಳೆ ಕೂಡಿಸಿದೆ. ಮೇ ತಿಂಗಳ ಸೆಖೆಯ ಅಂಕ 205 ಬಂತು. ನಾವು ಹಿಡಿದದ್ದು 295. 90 ಅಂಕ ಕಡಿಮೆ. 0.36ರಿಂದ ಗುಣಿಸಿದರೆ 32 ಯುನಿಟ್. 189ರಲ್ಲಿ 32 ಕಳೆದರೆ 157. ನಿಮ್ಮ ಮೀಟರ್ 161 ಹೇಳಿದೆ.

ಅಂದರೆ ನಿಮ್ಮ ಮನೆಯ ಲೆಕ್ಕ ತಪ್ಪಿಲ್ಲ, ಆಕಾಶದ ಲೆಕ್ಕ ತಪ್ಪಿತು. ಆದರೆ ಒಂದು ಎಚ್ಚರಿಕೆ. 0.36 ನಿಮ್ಮ ಹಳೇ ಫ್ಯಾನ್, ಹಳೇ ಕೂಲರ್ ಕಾಲದ ಸಂಖ್ಯೆ. ಎಸಿ ಬಂದ ಮೇಲೆ ಗೆರೆಯ ಓಟ ಬೇರೆ ಇರುತ್ತದೆ. ಎರಡು ತಿಂಗಳು ಹೊಂದಿತು ಅಂತ ಅದನ್ನೇ ನಂಬಬೇಡಿ. ಈ ವರ್ಷದ ಚುಕ್ಕಿಗಳಿಂದ ಹೊಸ ಗೆರೆ ಎಳೆಯಬೇಕು. ಸೆಪ್ಟೆಂಬರ್ ತನಕ ಡೈರಿ ಮುಂದುವರಿಸಿ.

ಬಿಸಿಲೂರು, 4 ಜೂನ್ 2025

ಖಂಡಿತ. ಮಗಳು ಈಗ ಭಾನುವಾರದ ರೀಡಿಂಗ್ ತನ್ನ ಕೆಲಸ ಅಂತ ಮಾಡಿಕೊಂಡಿದ್ದಾಳೆ.

ಇನ್ನೊಂದು ಕೇಳಬೇಕಿತ್ತು. ನಮ್ಮ ಹಿಂದಿನ ಓಣಿಯಲ್ಲಿ ತಗಡಿನ ಮನೆಯವರಿದ್ದಾರೆ. ಎರಡು ಫ್ಯಾನ್, ಒಂದು ಟಿವಿ ಅಷ್ಟೇ. ಅವರ 2022-23ರ ಸರಾಸರಿ ಬಹಳ ಕಡಿಮೆ, ಹಾಗಾಗಿ ಬೇಸಿಗೆಯಲ್ಲಿ ಒಂದು ಕೂಲರ್ ಹಾಕಿದರೂ ಉಚಿತ ಯುನಿಟ್ ದಾಟುತ್ತದೆ. ತಗಡು ನಮ್ಮ ಸ್ಲ್ಯಾಬಿನ ಹಾಗೆ ರಾತ್ರಿ ತನಕ ಬಿಸಿ ಇಟ್ಟುಕೊಳ್ಳಲ್ಲ, ಆದರೆ ಹಗಲು ಒಳಗೆ ಕಾಲಿಡಲು ಆಗಲ್ಲ. ಆ ಮನೆಯಲ್ಲಿ ಎಂಟು ತಿಂಗಳ ಕೂಸಿದೆ. ಅವರಿಗೆ ಹಗಲಿನ ಲೆಕ್ಕ ಬೇರೆ ಹಾಕಬೇಕಲ್ಲವೇ?

ಲೆಕ್ಕದ_ಮೇಷ್ಟ್ರು, 4 ಜೂನ್ 2025

ಹೌದು, ಅವರಿಗೆ ಗರಿಷ್ಠ ಉಷ್ಣಾಂಶವೇ ಮುಖ್ಯ. ಅವರ ಒಂದು ವರ್ಷದ ಬಿಲ್ ಹಾಕಿ, ಹೆಸರು ಮತ್ತು ಮೀಟರ್ ಸಂಖ್ಯೆ ಮುಚ್ಚಿ. ಕೂಲರ್ ತರಿಸುವ ಮೊದಲು ತಗಡಿಗೆ ಸುಣ್ಣ ಬಳಿಯಲು ಹೇಳಿ. ಮಳೆ ನಿಂತ ಮೇಲೆ ಬಳಿದರೆ ಸಾಕು, ಈಗ ಬಳಿದರೆ ತೊಳೆದು ಹೋಗುತ್ತದೆ. ಅಲ್ಲಿಯತನಕ ತಗಡಿನ ಕೆಳಗೆ ಒಂದಡಿ ಬಿಟ್ಟು ಬಿದಿರಿನ ಚಾಪೆ ಕಟ್ಟಿಸಿ.

ಎಸಿ_ರಿಪೇರಿ_ಹುಬ್ಳಿ, 5 ಜೂನ್ 2025

ನನ್ನ ಹತ್ತಿರ ಒಂದು ಹಳೇ ಸಣ್ಣ ಕೂಲರ್ ಇದೆ. ಮೋಟರ್ ಚೆನ್ನಾಗಿದೆ, ಪ್ಯಾಡ್ ಬದಲಿಸಬೇಕು ಅಷ್ಟೇ. 100 ವ್ಯಾಟಿನ ಒಳಗೇ ಓಡುತ್ತದೆ. ಮುಂದಿನ ಬೇಸಿಗೆಗೆ ಆ ಮನೆಗೆ ಆಗುತ್ತದೆ. ಸರ್, ಹುಬ್ಬಳ್ಳಿ ಕಡೆ ಬರುವುದಿದ್ದರೆ ಇಲ್ಲಿ ಒಂದು ಮಾತು ಬರೆಯಿರಿ, ರೆಡಿ ಮಾಡಿ ಇಟ್ಟಿರುತ್ತೇನೆ.